ಅಪ್‌ಡೇಟ್: ಕೋಲಾರದ ಕೆರೆಗಳ ಮೇಲೆ ಥೀಸಿಸ್ ಮಾಡಬಹುದಾ ಅಂತ ಕೇಳಿದ್ದೆನಲ್ಲ...

ನಗರ ಯೋಜನೆಯಲ್ಲಿ ಎಂ.ಪ್ಲಾನ್ (ಸ್ನಾತಕೋತ್ತರ ಪದವಿ) ಮಾಡ್ತಿದ್ದೇನೆ, 'ಎಲ್ಲರಿಗೂ ನ್ಯಾಯ ಸಿಗುವ ನಗರ' ಅನ್ನೋ ವಿಷಯಕ್ಕೆ ನಮ್ಮ ಕೋಲಾರ ಆಗುತ್ತಾ ಅಂತ ಕೇಳಿದ್ದೆ. ಸುಮಾರು ಜನ ಕೆ.ಸಿ. ವ್ಯಾಲಿ ನೀರಿನ ಯೋಜನೆ ನೋಡು ಅಂದಿರಿ. ಹೋಗಿ ನೋಡಿದೆ.

ಗೊತ್ತಿಲ್ಲದವರಿಗೆ: ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಅದೇ ಕೆ.ಸಿ. ವ್ಯಾಲಿ) ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ನೀರು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಯೋಜನೆಯಲ್ಲಿ ಲೆಕ್ಕ ಹಾಕಿದ್ದು ದಿನಕ್ಕೆ 44 ಕೋಟಿ ಲೀಟರ್. ಉದ್ದೇಶ ಅಂತರ್ಜಲ ಮಾತ್ರ. ನೀರು ಇಂಗಬೇಕು, ಆಮೇಲೆ ಬೋರ್‌ವೆಲ್‌ಗೆ ಬರಬೇಕು.

ಆ 'ಬೋರ್‌ವೆಲ್' ಅನ್ನೋ ಪದದಲ್ಲೇ ನನ್ನ ಥೀಸಿಸ್ ಸಿಕ್ಕಿತು. ಒಂದು ಕೆರೆ ಏರಿ ಮೇಲೆ ಕುರಿ ಮೇಯಿಸುತ್ತಿದ್ದ ಅಜ್ಜಿಯನ್ನು ಮಾತಾಡಿಸಿದೆ. "ನೀರೇನೋ ಬಂತಪ್ಪ. ಬೋರ್ ಇದ್ದೋರಿಗೆ ಟೊಮೆಟೊ, ನಮಗೆ ಅದೇ ಕೂಲಿ" ಅಂದರು. ಕೂಲಿ ಜಾಸ್ತಿ ದಿನ ಸಿಗುತ್ತಲ್ವಾ ಅಂದೆ. "ಸಿಗ್ತದೆ. ಕುಡಿಯೋ ನೀರಿಗೆ ಕ್ಯಾನ್ ತರ್ತೀವಿ" ಅಂತ ಕುರಿ ಹಿಂದೆ ಹೋದರು. ನಾನು ಪೆನ್ನು ತೆರೆದಿರಲೇ ಇಲ್ಲ, ಫೋನಿನಲ್ಲಿ ಟೈಪ್ ಮಾಡಿಕೊಂಡೆ.

ಗೈಡ್ ಮೊದಲು, "ಇದು ಹಳ್ಳಿ ವಿಷಯ, ನಗರ ಎಲ್ಲಿದೆ?" ಅಂದರು. ಬೆಂಗಳೂರಿನ ಬಚ್ಚಲ ನೀರು ಬಂದು ಸೇರೋ ಜಾಗ ನಗರದ ಭಾಗ ಅಲ್ವಾ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.

ಮುಂದಿನ ವಾರದಿಂದ ಸರ್ವೆ. ಬೋರ್ ಇರೋ ಮನೆ, ಇಲ್ಲದ ಮನೆ, ಎರಡೂ.