‘ನೈಸ್’ ಪದಕ್ಕೆ ವಿರುದ್ಧ ಪದ ಯಾವುದು?

ಬಲ್ಲವರಲ್ಲಿ ಒಂದು ಪ್ರಶ್ನೆ. ಕೊಪ್ಪಳದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹೋದ ವಾರ ಎಂಟನೆಯ ತರಗತಿಯಲ್ಲಿ ‘ನೈಸ್’ ಪದಕ್ಕೆ ವಿರುದ್ಧ ಪದ ಕೇಳಿದೆ. ಮುಂದಿನ ಸಾಲಿನ ಹುಡುಗಿ ಥಟ್ಟನೆ ಎದ್ದು, ‘ದೊರಗು ರೀ ಸರ್’ ಅಂದಳು. ಉಳಿದ ಮಕ್ಕಳೂ ಹೌದೆಂದು ತಲೆಯಾಡಿಸಿದರು.

ಆಕೆಯ ಮನೆಯವರದು ಹಿಟ್ಟಿನ ಗಿರಣಿ. ಜೋಳ ತಂದವರಿಗೆ ಅವರಪ್ಪ ಮೊದಲು ಕೇಳುವುದೇ ‘ನೈಸ್ ಹಾಕ್ಲೋ, ತರಿ ಹಾಕ್ಲೋ?’ ಅಂತ. ರೊಟ್ಟಿಗಾದರೆ ನೈಸ್, ನುಚ್ಚಿಗಾದರೆ ತರಿ. ಬೀಳುವ ಬಿಸಿ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ‘ಇನ್ನೊಂದೀಟು ನೈಸ್ ಬರ್ಲಿ’ ಅನ್ನುತ್ತಾರೆ ಹೆಣ್ಣುಮಕ್ಕಳು. ಗೋಡೆಗೆ ಗಾರೆ ಬಳಿಯುವ ಗೌಂಡಿಯ ಬಾಯಲ್ಲಿ ‘ಗಿಲಾವ್ ನೈಸ್ ಬಂದಿಲ್ಲ’. ಮಳೆಗೆ ತೊಯ್ದ ಬಂಡೆ ‘ನೈಸ್ ಐತಿ, ಹುಷಾರ್’. ಇಲ್ಲೆಲ್ಲ ಚಂದ, ಒಳ್ಳೆಯದು ಎಂಬ ಅರ್ಥ ಎಳ್ಳಷ್ಟೂ ಇಲ್ಲ. ಇದು ಬೆರಳಿಗೆ, ಅಂಗಾಲಿಗೆ ತಿಳಿಯುವ ಗುಣ.

ಮನುಷ್ಯರಿಗೆ ಹಚ್ಚಿದಾಗ ಅರ್ಥ ಇನ್ನೂ ದೂರ ಹೋಗುತ್ತದೆ. ‘ನೈಸ್ ಮಾಡಿ ರೊಕ್ಕ ಇಸಗೊಂಡ’ ಅಂದರೆ ಪುಸಲಾಯಿಸಿ ಇಸಿದುಕೊಂಡ. ‘ನೈಸಾಗಿ ಜಾರಿಕೊಂಡ’ ಅಂದರೆ ಯಾರಿಗೂ ಸುಳಿವು ಕೊಡದೆ ಹೋದ. ಇಂಗ್ಲಿಷಿನವರ ನೈಸ್ ಮನುಷ್ಯ ಸಜ್ಜನ. ನಮ್ಮಲ್ಲಿ ನೈಸ್ ಮಾಡುವವನ ಹತ್ತಿರ ಕೈಚೀಲ ಭದ್ರವಾಗಿಟ್ಟುಕೊಳ್ಳಬೇಕು! ‘ನುಣ್ಣನೆಯ ಮಾತು’ ಕೊಡುವ ಎಚ್ಚರವೇ ಇಲ್ಲಿಯೂ ಇದೆ. ಆದರೂ ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬಲ್ಲಿ ನೈಸ್ ಕಾಲಿಡಲಾರದು, ಗಾದೆ ತನ್ನ ಹಳೆಯ ಪದವನ್ನು ಬಿಟ್ಟುಕೊಟ್ಟಿಲ್ಲ.

ಇಂಗ್ಲಿಷಿನಲ್ಲೂ ಈ ಪದ ನಿಂತ ನೀರಲ್ಲ. ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಅರಿಯದವ, ಅದರ ಮೂಲ. ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ದಡ್ಡ’ ಎಂಬ ಅರ್ಥವಿತ್ತು. ಮುಂದೆ ಅತಿ ನಾಜೂಕು, ಆಮೇಲೆ ನವಿರು, ಸೂಕ್ಷ್ಮ. ‘ಹಿತವಾದ’ ಎಂಬುದು ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ಬಹಳ ಸೂಕ್ಷ್ಮವಾದ ವ್ಯತ್ಯಾಸಕ್ಕೆ ಇಂದಿಗೂ ಅವರು ‘ನೈಸ್’ ಅನ್ನುವುದುಂಟು.

ನನಗನ್ನಿಸುವುದು, ಗಿರಣಿಯ ನೈಸಿಗೆ ಹತ್ತಿರದ ನೆಂಟ ಆ ನವಿರು, ಸೂಕ್ಷ್ಮ ಎಂಬ ಅರ್ಥವೇ. ಜತೆಗೆ ನಮ್ಮ ನುಣುಪು, ನಯ ಎರಡೂ ನಕಾರದಿಂದಲೇ ಶುರುವಾಗುವ ಪದಗಳು, ಹೊಸಬನಿಗೆ ಅವೇ ಜಾಗ ಬಿಟ್ಟುಕೊಟ್ಟಿರಬೇಕು. (ಭೂವಿಜ್ಞಾನದ ‘ನೈಸ್ ಶಿಲೆ’ಯನ್ನು ಇದರೊಡನೆ ಬೆರೆಸಬೇಡಿ. ಅದು ಜರ್ಮನ್ ಮೂಲದ ಬೇರೆ ಪದ, ಪಟ್ಟೆಪಟ್ಟೆಯ ಕಲ್ಲಿನ ಹೆಸರು.)

ಆ ಹುಡುಗಿಗೆ ತಪ್ಪು ಅನ್ನಲು ನನಗೆ ಮನಸ್ಸು ಬರಲಿಲ್ಲ. ಬೋರ್ಡಿನ ಮೇಲೆ ‘ಇಂಗ್ಲಿಷ್ ನೈಸ್’, ‘ಕನ್ನಡ ನೈಸ್’ ಎಂದು ಎರಡು ಕಾಲಂ ಎಳೆದು, ಎರಡನೆಯದರಲ್ಲಿ ಆಕೆಯ ‘ದೊರಗು’ ಬರೆದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಮೊದಲನೆಯದೇ ಬರೆಯಬೇಕು ಅಂತಲೂ ಹೇಳಿದೆ.

ನಿಮ್ಮ ಕಡೆ ಇದಕ್ಕೆ ವಿರುದ್ಧ ಏನನ್ನುತ್ತೀರಿ: ದೊರಗು, ಒರಟು, ತರಿ, ಉರುಟು? ಬಳ್ಳಾರಿಯಲ್ಲಿ ತೆಲುಗು ಮನೆಮಾತಿನವರು, ರಾಯಚೂರಿನಲ್ಲಿ ಉರ್ದು ಆಡುವವರು ‘ನೈಸ್’ ಪದವನ್ನು ನುಣುಪಿಗೆ ಬಳಸುತ್ತಾರೆಯೆ? ಮನೆಯಲ್ಲಿ ಕೇಳಿದ ಮಾತನ್ನು ಹಾಗೆಯೇ ಬರೆದು ಕಳಿಸಿ.