ಧಾರವಾಡದ ಚಳಿಗೆ ಕುದುರೆಗೆ ರಗ್ಗು ಬೇಕಾ? ಸಾಕಿದವರು ಹೇಳಿ

ಪ್ರಶ್ನೆ: ಧಾರವಾಡ, ಕೆಲಗೇರಿ ಕಡೆಯಿಂದ

ನಮ್ಮಲ್ಲಿ ಆರು ವರ್ಷದ ಹೆಣ್ಣು ಕುದುರೆ ಇದೆ, ಮಾರ್ವಾರಿ ಮಿಶ್ರ ತಳಿ. ಬೇಸಿಗೆಯಲ್ಲಿ ಮನೆಗೆ ಬಂತು. ಇದು ಅದರ ಜೊತೆ ನಮ್ಮ ಮೊದಲ ಚಳಿಗಾಲ. ನಸುಕಿನಲ್ಲೇ ಕೆರೆ ದಂಡೆ ಕಡೆ ಸವಾರಿ ಹೋಗುತ್ತೇನೆ. ಈಗ ಮಂಜು, ಗಾಳಿ ಎರಡೂ ಜಾಸ್ತಿ. ಒಬ್ಬರು ರಗ್ಗು ಹೊದಿಸಿ ಅಂತಾರೆ, ಇನ್ನೊಬ್ಬರು ರಾತ್ರಿ ಹುರುಳಿ ಜಾಸ್ತಿ ಮಾಡಿ ಅಂತಾರೆ, ಪಕ್ಕದ ಮನೆ ಅಜ್ಜಾರು ಬ್ರಾಂಡಿ ಕುಡಿಸು ಅಂತಾರೆ! ನೆಟ್‌ನಲ್ಲಿ ಹುಡುಕಿದರೆ ಎಲ್ಲಾ ಹಿಮ ಬೀಳುವ ದೇಶದವರ ಮಾತು. ನೀವೆಲ್ಲ ಏನು ಮಾಡುತ್ತೀರಿ?

ಹುಬ್ಬಳ್ಳಿ, ಮದುವೆ ಕುದುರೆ ಇಟ್ಟವರು

ಅಕ್ಕಾರೇ, ನಮ್ಮದು ಅಜ್ಜನ ಕಾಲದಿಂದ ಇದೇ ಕೆಲಸ. ಮೊದಲು ಟಾಂಗಾ, ಈಗ ವರನ ಮೆರವಣಿಗೆ. ನಮ್ಮ ಕಡೆ ಚಳಿಯಿಂದಲೇ ಕುದುರೆ ಬಿತ್ತು ಅಂತ ನಾನು ನೋಡಿಲ್ಲ. ಚಳಿಗಾಲದಲ್ಲಿ ಬೀಳುವುದು ಬೇರೆ ಕಾರಣಕ್ಕೆ.

ಮೊದಲನೆಯದು ಬೆವರು. ರಾತ್ರಿ ಹತ್ತರ ತನಕ ಡಿಜೆ ಮುಂದೆ ನಿಂತಿರುತ್ತದೆ. ಮೈಮೇಲೆ ಜರಿ ಝೂಲ, ಸುತ್ತ ಜನ. ಝೂಲದ ಕೆಳಗೆ ಮೈಯೆಲ್ಲ ಒದ್ದೆ. ಅದನ್ನ ಹಾಗೇ ತೆರೆದ ಗಾಡಿಗೆ ಹತ್ತಿಸಿ ಬೈಪಾಸ್ ರೋಡಿನಲ್ಲಿ ಒಯ್ದರೆ ಏನಾಗಬೇಕು ಹೇಳಿ? ನಾವು ಮೆರವಣಿಗೆ ಮುಗಿದ ಮೇಲೆ ಜೀನು ತೆಗೆದು, ಒಣ ಗೋಣಿಚೀಲದಿಂದ ತಿಕ್ಕಿ, ಸ್ವಲ್ಪ ನಡೆಸಿ, ಎದೆ ಮತ್ತು ತೊಡೆಸಂದಿ ಒಣಗಿದ ಮೇಲೆಯೇ ಗಾಡಿ ಹತ್ತಿಸುತ್ತೇವೆ. ಬೀಗರು ಎಷ್ಟು ಬೇಕಾದರೂ ಅವಸರ ಮಾಡಲಿ.

ಎರಡನೆಯದು ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ ಮದುವೆ ಇಲ್ಲ, ಕುದುರೆಗೆ ಕೆಲಸ ಇಲ್ಲ. ಕಾಳು ಮಾತ್ರ ಅದೇ ಅಳತೆ! ಹಬ್ಬ ಮುಗಿದು ಮೊದಲ ಮೆರವಣಿಗೆಗೆ ಹೊರಟರೆ ಸ್ವಲ್ಪ ದೂರಕ್ಕೇ ಬೆವರುತ್ತದೆ, ಹಿಂಗಾಲಿನ ಸ್ನಾಯು ಬಿಗಿಯುತ್ತವೆ, ಹೆಜ್ಜೆ ಎತ್ತುವುದಿಲ್ಲ. ಕಂದು ಬಣ್ಣದ ಮೂತ್ರ ಹೊಯ್ಯುತ್ತದೆ. ಅಂಥ ಹೊತ್ತಿನಲ್ಲಿ ಎಳೆದು ನಡೆಸಬೇಡಿ, ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ರಜೆ ಇದ್ದ ದಿನ ಹುರುಳಿ, ಕಡಲೆ ಇಳಿಸಿ, ಹುಲ್ಲು ಹೆಚ್ಚಿಸಿ. ಅಡ್ಡಾಡಿಸುವುದು ಮಾತ್ರ ದಿನಾ ಇರಲಿ.

ಧಾರವಾಡ, ಪಶುವೈದ್ಯರು

ರಗ್ಗಿನ ವಿಷಯ ಹೇಳುತ್ತೇನೆ. ಚಳಿಗಾಲದ ದಟ್ಟ ಕೂದಲು ಬೆಳೆದ, ಮೈ ಒಣಗಿರುವ, ಹೊಟ್ಟೆ ತುಂಬಿದ ಕುದುರೆ ಮೈನಸ್ 10, ಮೈನಸ್ 15 ಡಿಗ್ರಿ ತನಕ ತಾನೇ ಮೈ ಬಿಸಿ ಕಾಯ್ದುಕೊಳ್ಳುತ್ತದೆ. ತೆಳು ಕೂದಲಿನದಕ್ಕೂ ಸುಮಾರು 5 ಡಿಗ್ರಿ ತನಕ ಕಷ್ಟವಿಲ್ಲ. ನಮ್ಮಲ್ಲಿ ತೀರಾ ಚಳಿಯ ಮುಂಜಾನೆಯೂ 10-12 ಡಿಗ್ರಿ. ಮಧ್ಯಾಹ್ನ 28, 30 ಆಗುತ್ತದೆ. ರಾತ್ರಿ ಹೊದಿಸಿದ ರಗ್ಗು ಹನ್ನೊಂದು ಗಂಟೆಗೂ ಮೈಮೇಲೇ ಇದ್ದರೆ ಕುದುರೆ ಅದರೊಳಗೇ ಬೆವರುತ್ತದೆ. ಮೇಲಾಗಿ ರಗ್ಗು ಕೂದಲನ್ನು ಒತ್ತಿಬಿಡುತ್ತದೆ. ಕೂದಲು ನೆಟ್ಟಗೆ ನಿಂತು ನಡುವೆ ಗಾಳಿ ಹಿಡಿದರೇನೇ ಬಿಸಿ ಉಳಿಯುವುದು. ಮುದಿ ಕುದುರೆ, ಬಡಕಲು ಕುದುರೆ, ಕಾಯಿಲೆ ಬಿದ್ದದ್ದು, ಮೈ ಕೂದಲು ಕತ್ತರಿಸಿದ್ದು, ಇವಕ್ಕೆ ರಾತ್ರಿ ಹೊದಿಕೆ ಇರಲಿ. ನಿಮ್ಮದಕ್ಕೆ ಬೇಡ. ಗಾಳಿ ಬರುವ ಬದಿಗೆ ಒಂದು ತಟ್ಟಿ ಕಟ್ಟಿ, ಸಾಕು. ಲಾಯ ಪೂರ್ತಿ ಮುಚ್ಚಬೇಡಿ. ಮೂತ್ರದ ಘಾಟು ಒಳಗೇ ಉಳಿದರೆ ಕೆಮ್ಮು ಶುರುವಾಗುತ್ತದೆ.

ಮೈ ಬಿಸಿ ಇಡುವುದು ಕಾಳಲ್ಲ, ಒಣಮೇವು. ನಾರು ದೊಡ್ಡ ಕರುಳಿನಲ್ಲಿ ಹುದುಗುವಾಗ ಬಿಸಿ ಹುಟ್ಟುತ್ತದೆ. 350 ಕಿಲೋ ತೂಕದ ಕುದುರೆಗೆ ದಿನಕ್ಕೆ ಆರೇಳು ಕಿಲೋ ಒಣಮೇವು ಬೇಕು, ಅದರ ದೊಡ್ಡ ಪಾಲು ರಾತ್ರಿಗೆ. ಇಷ್ಟು ಒಣಮೇವು ತಿಂದಾಗ 20-30 ಲೀಟರ್ ನೀರೂ ಒಳಗೆ ಹೋಗಬೇಕು. ಚಳಿಗೆ ಕುದುರೆ ನೀರು ಕಡಿಮೆ ಮಾಡುತ್ತದೆ. ಆಗ ಮೇವು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ಬರುತ್ತದೆ. ಚಳಿಗಾಲದಲ್ಲಿ ನನಗೆ ಬರುವ ರಾತ್ರಿ ಫೋನ್ ಹೆಚ್ಚಿನವು ಇದಕ್ಕೇ. ದಿನಾ ಲದ್ದಿ ನೋಡಿ. ಉಂಡೆ ಸಣ್ಣದಾಗಿ, ಒಣಗಿ, ಮೇಲೆ ಲೋಳೆ ಅಂಟಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ನೆಲ ಕೆರೆಯುವುದು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಿ ಹೊರಳುವುದು ಕಂಡರೆ ಮನೆಮದ್ದು ಮಾಡುತ್ತಾ ಕೂಡಬೇಡಿ. ಕುದುರೆಗೆ ವಾಂತಿ ಬರುವುದಿಲ್ಲ. ಬಾಯಿಗೆ ಎಣ್ಣೆ ಸುರಿದರೆ ಶ್ವಾಸಕೋಶಕ್ಕೆ ಹೋಗುವ ಭಯವೂ ಇದೆ.

ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. 37.5ರಿಂದ 38.5 ಡಿಗ್ರಿ ಸರಿ.

ಆಲ್ಬರ್ಟಾ, ಕೆನಡಾ (ಊರು ಗದಗ)

ನೆಟ್‌ನಲ್ಲಿ ಓದಿದ್ದು ನಮ್ಮಂಥ ಕಡೆಯವರದ್ದು ಇರಬೇಕು! ನಾನು ಕುದುರೆ ಹತ್ತಲು ಕಲಿತಿದ್ದೇ ಇಲ್ಲಿಗೆ ಬಂದ ಮೇಲೆ. ಇಲ್ಲಿ ಜನವರಿಯಲ್ಲಿ ಮೈನಸ್ 25 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೂ ಬಹಳ ಕುದುರೆಗಳು ಹೊರಗೇ ಇರುತ್ತವೆ. ಮೂರು ಬದಿ ಗೋಡೆಯ ಒಂದು ಚಪ್ಪರ, ಇಪ್ಪತ್ನಾಲ್ಕು ತಾಸೂ ಹುಲ್ಲು, ಅಷ್ಟೇ. ಬೆನ್ನಿನ ಮೇಲೆ ಹಿಮ ಬಿದ್ದು ಕರಗದೇ ಹಾಗೇ ಕೂತಿರುತ್ತದೆ. ಮೊದಲ ಸಲ ನೋಡಿದಾಗ ಅಯ್ಯೋ ಅನಿಸಿತ್ತು. ಅದು ಒಳ್ಳೆಯ ಲಕ್ಷಣವಂತೆ. ಮೈಬಿಸಿ ಕೂದಲು ದಾಟಿ ಹೊರಗೆ ಹೋಗುತ್ತಿಲ್ಲ, ಅದಕ್ಕೇ ಹಿಮ ಕರಗುತ್ತಿಲ್ಲ. ಮಳೆ ಬಂದು ಕೂದಲು ಬುಡದ ತನಕ ನೆನೆದ ಮೇಲೆ ಗಾಳಿ ಬೀಸಿತು ಅನ್ನಿ, ಆಗ ಸೊನ್ನೆ ಡಿಗ್ರಿಯಲ್ಲೂ ನಡುಗುತ್ತವೆ.

ಸವಾರಿಗೆ ಇಲ್ಲಿನ ತಲೆನೋವೇ ಬೇರೆ. ಲಾಳ ಹೊಡೆದ ಗೊರಸಿನ ಒಳಗೆ ಹಿಮ ಮೆತ್ತಿಕೊಂಡು ಗಡ್ಡೆ ಕಟ್ಟುತ್ತದೆ, ಕುದುರೆ ಗಡ್ಡೆ ಮೇಲೆ ನಿಂತು ತಡವರಿಸುತ್ತದೆ. ಅದಕ್ಕೇ ಕೆಲವರು ಚಳಿಗಾಲಕ್ಕೆ ಲಾಳ ತೆಗೆಸಿಬಿಡುತ್ತಾರೆ, ಇಲ್ಲದಿದ್ದರೆ ಹಿಮ ಹಿಡಿಯದ ಪ್ಯಾಡ್ ಹಾಕಿಸುತ್ತಾರೆ. ಕಬ್ಬಿಣದ ಕಡಿವಾಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಬಾಯಿಗೆ ಹಾಕಬೇಕು. ಮೈನಸ್ 20ರ ಕೆಳಗೆ ನಾನು ಬರೀ ನಡಿಗೆ. ಅಂಥ ಗಾಳಿಯನ್ನು ಏದುಸಿರಿನಲ್ಲಿ ಎಳೆದುಕೊಂಡರೆ ಶ್ವಾಸನಾಳಕ್ಕೆ ಪೆಟ್ಟು. ನೀರಿನ ತೊಟ್ಟಿಗೆ ಕರೆಂಟಿನ ಹೀಟರ್ ಇದೆ. ಹಿಮ ತಿಂದು ಬಾಯಾರಿಕೆ ನೀಗಿಸಿಕೊಳ್ಳಲಿ ಅಂತ ಬಿಟ್ಟರೆ ಸಾಲುವುದಿಲ್ಲ.

ಇದರಲ್ಲಿ ಧಾರವಾಡಕ್ಕೆ ಬೇಕಾದ್ದು ಹುಲ್ಲು ಮತ್ತು ನೀರು. ಉಳಿದದ್ದು ನಮ್ಮ ಪಾಡು.

ಬ್ಯಾಡಗಿ ಹತ್ತಿರದಿಂದ, ನಿವೃತ್ತ ಸೈನಿಕರು

ಮೇಲಿನ ತಮ್ಮ ಹೇಳಿದ್ದು ಸರಿ. ನಾನು ಲಡಾಖ್ ಕಡೆ ಹೇಸರಗತ್ತೆಗಳ ಜೊತೆ ಚಳಿಗಾಲ ಕಳೆದವನು. ಅಲ್ಲಿ ನಾಲೆ ಹೆಪ್ಪುಗಟ್ಟುತ್ತಿತ್ತು. ಬೆಂಕಿ ಹಾಕಿ ನೀರು ಬೆಚ್ಚಗೆ ಮಾಡಿ ಮೊದಲು ಕುಡಿಸುವುದು, ಆಮೇಲೆ ದಾಣಿ, ಅಂದರೆ ಕಾಳು. ಇದರಲ್ಲಿ ಹಿಂದೆಮುಂದೆ ಆಗುವಂತಿರಲಿಲ್ಲ. ಅಲ್ಲಿನ ಝನ್ಸ್ಕಾರಿ ಕುದುರೆ ನೋಡಬೇಕು ನೀವು. ಗಿಡ್ಡ ಜಾತಿ, ಮೈತುಂಬ ಕೂದಲು, ನಮ್ಮ ಪ್ರಾಣಿಗಳು ಕಾಲೆಳೆಯುವ ಎತ್ತರದಲ್ಲಿ ಹೊರೆ ಹೊತ್ತು ಆರಾಮಾಗಿ ಹೋಗುತ್ತದೆ.

ಒಂದು ಮಾತು ನೆನಪಿಡು ತಂಗಿ. ಚಳಿಗಾಲದ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ. ನೋಡಲು ದುಂಡಗೆ ಕಾಣುತ್ತದೆ, ಕೈ ಹಾಕಿದರೆ ಪಕ್ಕೆಲುಬು. ವಾರಕ್ಕೊಮ್ಮೆ ಬೆರಳು ಒತ್ತಿ ಪಕ್ಕೆಲುಬು ಮುಟ್ಟಿ ನೋಡು. ಚಳಿ ಹತ್ತಿದೆಯಾ ಅಂತ ನೋಡಲು ಕಿವಿಯ ಬುಡ ಹಿಡಿ. ತುದಿ ತಣ್ಣಗಿದ್ದರೆ ಚಿಂತೆಯಿಲ್ಲ, ಬುಡವೂ ತಣ್ಣಗಾಗಿ ಮೈ ನಡುಗುತ್ತಿದ್ದರೆ ಆಗ ಹೊದಿಸು.

ರೋಣ ಕಡೆಯಿಂದ, ರೈತರು

ಎರಡು ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಹಿಂಗಾರಿ ಜೋಳ ಹಸಿರಾಗಿ ನಿಂತಿರುತ್ತದೆ. ಎತ್ತಿಗೆ ಹಾಕಿದಂತೆ ಕುದುರೆಗೂ ಹಸಿ ಜೋಳ ಕೊಯ್ದು ಹಾಕುವವರಿದ್ದಾರೆ. ಹಾಕಬೇಡಿ. ಎಳೆ ಜೋಳದಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ. ದಿನಾ ಮೇದರೆ ಕುದುರೆಗೆ ಮೂತ್ರಚೀಲ ಸ್ವಾಧೀನ ತಪ್ಪಿ ಮೂತ್ರ ಹನಿಯುತ್ತಲೇ ಇರುತ್ತದೆ, ಹಿಂಗಾಲು ತೂರಾಡುತ್ತವೆ. ನಮ್ಮೂರಲ್ಲಿ ಒಂದು ಕುದುರೆಗೆ ಆಗಿತ್ತು. ಒಣಗಿದ ಕಣಕಿ (ಜೋಳದ ದಂಟು) ಆದರೆ ಕೊಚ್ಚಿ, ಧೂಳು ಝಾಡಿಸಿ, ನೀರು ಚಿಮುಕಿಸಿ ಬೇರೆ ಹುಲ್ಲಿನ ಜೊತೆ ಕೊಡಬಹುದು. ಬೂಸ್ಟು ಹಿಡಿದಿದ್ದರೆ ಎಸೆಯಿರಿ. ಬೂಸ್ಟಿನ ಮೇವು ಎಮ್ಮೆ ತಿಂದು ಅರಗಿಸಿಕೊಂಡೀತು, ಕುದುರೆಗೆ ಆಗಿಬರುವುದಿಲ್ಲ.

ಎರಡನೆಯದು ನೆಲ. ನೀವು ಕೆಲಗೇರಿಯವರು, ಹೆಚ್ಚು ಕೆಂಪು ಮಣ್ಣು. ನವಲಗುಂದ, ನರಗುಂದ, ಗದಗ ಕಡೆ ಸವಾರಿ ಬಂದರೆ ಜೋಕೆ. ಎರಿ ಹೊಲ ಈಗ ಬಿರುಕು ಬಿಟ್ಟಿರುತ್ತದೆ, ಗೊರಸು ಒಳಗೆ ಇಳಿಯುವಷ್ಟು ಅಗಲ. ಖಾಲಿ ಹೊಲ ಕಂಡಿತು ಅಂತ ಓಡಿಸಬೇಡಿ, ಬಂಡಿದಾರಿ ಹಿಡಿಯಿರಿ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದುಕೊಂಡು ಬಂದರೆ ಇನ್ನೊಂದು ಕಾಟ. ಬಂದವರೆಲ್ಲ ಪ್ರೀತಿಯಿಂದ ಕಡುಬು, ಹೋಳಿಗೆ ತಿನ್ನಿಸುತ್ತಾರೆ. ಬೇಡ ಅಂದರೆ ಸಿಟ್ಟು. ಬಾಯಿಗೆ ಶಿಕ್ಕ ಕಟ್ಟಿ ಬಿಡಿ!

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ರಗ್ಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಹುಲ್ಲು ತರಿಸುತ್ತೇನೆ. ಮೂರು ಸಣ್ಣ ಪ್ರಶ್ನೆ ಉಳಿದಿವೆ. ಬ್ರಾಂಡಿ? ಬೆಳಗಿನ ಸವಾರಿ ಬಿಡಬೇಕಾ? ಲದ್ದಿ ನೋಡಿದೆ, ಒಣಗಿದಂತೆಯೇ ಇದೆ. ನೀರು ಕುಡಿಸುವುದು ಹೇಗೆ?

ಪಶುವೈದ್ಯರು

ಬ್ರಾಂಡಿ ಕೊಟ್ಟರೆ ಚರ್ಮದ ರಕ್ತನಾಳ ಹಿಗ್ಗಿ ಇದ್ದ ಬಿಸಿಯೂ ಹೊರಗೆ ಹೋಗುತ್ತದೆ. ಅಜ್ಜಾರಿಗೇ ಇರಲಿ.

ಸವಾರಿ ಬಿಡುವ ಅಗತ್ಯವಿಲ್ಲ. ಏಳರ ಮೇಲೆ ಹೊರಡಿ. ಮಂಜಿನಲ್ಲಿ ರಸ್ತೆ ಮೇಲೆ ಲಾರಿಯವರಿಗೆ ಕುದುರೆ ಕಾಣುವುದಿಲ್ಲ, ಅದೇ ದೊಡ್ಡ ಅಪಾಯ. ಮೊದಲ ಹತ್ತು ಹದಿನೈದು ನಿಮಿಷ ಬರೀ ನಡಿಗೆ, ಮೈ ಬೆಚ್ಚಗಾದ ಮೇಲೆ ಟ್ರಾಟ್ (ಹಗುರ ಓಟ). ಬರುವಾಗಲೂ ಕೊನೆಯ ಹತ್ತು ನಿಮಿಷ ನಡಿಗೆ.

ಲದ್ದಿ ಬಂದೇ ಇಲ್ಲ, ಮೇವು ಮುಟ್ಟುತ್ತಿಲ್ಲ ಅಂದರೆ ನೀರಿಗಾಗಿ ಕಾಯಬೇಡಿ, ತಕ್ಷಣ ತೋರಿಸಿ. ತಿಂದುಕೊಂಡು ಚುರುಕಾಗಿದ್ದರೆ ನೀರು ಕುಡಿಸುವ ಬಗ್ಗೆ ಕೆಳಗೆ ಹುಬ್ಬಳ್ಳಿಯವರು ಹೇಳುವ ಹಾಗೆ ಮಾಡಿ. ಹಾಗೇ ಟಿಟಾನಸ್ ಲಸಿಕೆ, ಜಂತಿನ ಔಷಧಿ ಯಾವಾಗ ಆಗಿದೆ ನೋಡಿ. ಮುಂಗಾಲಿನ ಕೂದಲಿಗೆ ಹಳದಿ ಚುಕ್ಕೆಯಂಥ ಮೊಟ್ಟೆ ಅಂಟಿದ್ದರೆ ಅದು ಒಂದು ಜಾತಿಯ ನೊಣದ್ದು. ನೆಕ್ಕಿದರೆ ಮರಿಹುಳ ಹೊಟ್ಟೆ ಸೇರುತ್ತದೆ. ಕೆರೆದು ತೆಗೆಯಿರಿ.

ಹುಬ್ಬಳ್ಳಿ, ಮದುವೆ ಕುದುರೆ ಇಟ್ಟವರು

ನೀರಿನ ಕಷ್ಟ ನಮಗೆ ಹೇಳಬೇಕಾ ಅಕ್ಕಾರೇ, ಹುಬ್ಬಳ್ಳಿಯವರಿಗೆ! ನಳ ಬಂದ ದಿನ ಕರಿ ಬ್ಯಾರಲ್ ತುಂಬಿ ಬಿಸಿಲಿಗೆ ಇಡಿ. ಮಧ್ಯಾಹ್ನದ ಹೊತ್ತಿಗೆ ಚಳಿ ಬಿಟ್ಟಿರುತ್ತದೆ, ಆಗ ಬಕೆಟ್ ಮುಂದಿಡಿ. ಬೆಳಿಗ್ಗೆ ಸವಾರಿಯಿಂದ ಬಂದ ಮೇಲೆ ಒಲೆ ಮೇಲಿನ ಬಿಸಿನೀರು ಒಂದು ತಂಬಿಗೆ ಬೆರೆಸಿ ಕೊಡಿ. ಗೋಧಿ ಬೂಸಾ ನೀರಾಗಿ ಕಲಸಿ, ಅದಕ್ಕೆ ಉಪ್ಪು ಹಾಕಿ. ದಿನಕ್ಕೆ ಎಲ್ಲಾ ಸೇರಿ 25-30 ಗ್ರಾಂ ಉಪ್ಪು ಸಾಕು. ಬೂಸಾ ಹೊಸದಾಗಿ ಶುರು ಮಾಡುವುದಾದರೆ ಒಂದು ಹಿಡಿಯಿಂದ ಶುರು ಮಾಡಿ, ಒಮ್ಮೆಲೇ ಬುಟ್ಟಿ ತುಂಬ ಬೇಡ. ಬಕೆಟ್ ದಿನಾ ತಿಕ್ಕಿ ತೊಳೆಯಿರಿ. ಪಾಚಿ ವಾಸನೆ ಬಂದರೆ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಸಂಕ್ರಾಂತಿಗೆ ಮೈ ತೊಳೆಯುವುದಿದ್ದರೆ ಹನ್ನೆರಡರ ಮೇಲೆ ತೊಳೆಯಿರಿ, ಮೂರರ ಒಳಗೆ ಒಣಗಿರಬೇಕು.