ಸರ್ಕಾರಿ ಕಚೇರಿಯಲ್ಲಿ ಇನ್ನೂ ವಿಂಡೋಸ್ 7, ನಮ್ಮ ಡೇಟಾ ಗತಿ ಏನು?

ಮಲೆನಾಡಿಗ:
ಮೊನ್ನೆ ಒಂದು ದಾಖಲೆ ಕೆಲಸಕ್ಕೆ ಸರ್ಕಾರಿ ಕಚೇರಿಗೆ ಹೋಗಿದ್ದೆ, ಯಾವುದು ಅಂತ ಬೇಡ ಬಿಡಿ. ಕೌಂಟರ್‌ನಲ್ಲಿ ವಿಂಡೋಸ್ 7. ಆಂಟಿವೈರಸ್ ಅವಧಿ ಮುಗಿದಿದೆ ಅಂತ ಮೂಲೆಯಲ್ಲಿ ಕೆಂಪು ಪಟ್ಟಿ ಬರುತ್ತಲೇ ಇತ್ತು, ಅಲ್ಲಿದ್ದವರು ನೊಣ ಓಡಿಸಿದ ಹಾಗೆ ಕ್ಲೋಸ್ ಮಾಡುತ್ತಲೇ ಇದ್ದರು. ಆಧಾರ್ ಸ್ಕ್ಯಾನ್ ಪೆನ್‌ಡ್ರೈವ್‌ನಲ್ಲಿ ತನ್ನಿ ಅಂದರು. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದೆ, ಸೀದಾ ಚುಚ್ಚಿದರು. ಇದು ನಿಜಕ್ಕೂ ಅಪಾಯವಾ, ಅಥವಾ ನಾನೇ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?

ಸಿಸ್ಟಮ್ ಸೀನ:
ಅಪಾಯವೇ. ವಿಂಡೋಸ್ 7ಕ್ಕೆ ಮಾಮೂಲಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. 2017ರ ಮೇ ತಿಂಗಳ ವನ್ನಾಕ್ರೈ, ಅದೇ ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುತ್ತಿದ್ದ ವೈರಸ್, ನೆನಪಿದೆಯಾ? ಒಂದು ಕಂಪ್ಯೂಟರ್‌ಗೆ ಬಂದರೆ ಸಾಕು, ಯಾರೂ ಯಾವ ಲಿಂಕನ್ನೂ ಒತ್ತದೆ, ಫೈಲ್ ಶೇರಿಂಗ್‌ನಲ್ಲಿದ್ದ ತೂತಿನಿಂದ ಪಕ್ಕದ್ದಕ್ಕೆ ತಾನೇ ನುಗ್ಗುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್ ರದ್ದಾದವು, ಆಂಧ್ರ ಪೊಲೀಸರ ಕಂಪ್ಯೂಟರ್‌ಗಳಿಗೂ ಬಡಿಯಿತು. ತಮಾಷೆ ಏನಂದರೆ ಆ ತೂತು ಮುಚ್ಚುವ ಅಪ್‌ಡೇಟ್, ಅಂದರೆ ಪ್ಯಾಚ್, ಆ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಜಾಸ್ತಿ ಸಿಕ್ಕಿಬಿದ್ದದ್ದು ಇನ್ನೂ ಹಳೆಯ ವಿಂಡೋಸ್ ಎಕ್ಸ್‌ಪಿ ಅಲ್ಲ, ಅಪ್‌ಡೇಟ್ ಮಾಡದೆ ಬಿಟ್ಟ ಇದೇ ವಿಂಡೋಸ್ 7. ಈಗ ನಿಮ್ಮ ಕೌಂಟರ್‌ನವರು ಹಾಕುತ್ತೇವೆ ಅಂದರೂ ಹೊಸ ಪ್ಯಾಚ್ ಬರುವುದಿಲ್ಲ.

ಕಡತವಾಸಿ:
ನಾನೂ ಇಂಥದ್ದೇ ಕುರ್ಚಿಯಲ್ಲಿ ಕೂರುವವನು. ಬೈಯೋದು ಸುಲಭ. ನಮ್ಮ ಅಪ್ಲಿಕೇಶನ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನೋ ಹಳೇ ಬ್ರೌಸರ್ ನಂಬಿಕೊಂಡು ಬರೆದದ್ದು, ಬರೆದುಕೊಟ್ಟವರ ಗುತ್ತಿಗೆ ಮುಗಿದು ಎಷ್ಟೋ ಕಾಲವಾಯಿತು, ಹೊಸ ವಿಂಡೋಸ್ ಹಾಕಿದರೆ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್ ಓಪನ್ ಆಗುವುದೇ ಇಲ್ಲ. ಹಳೇ ಪತ್ರಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿವೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಓದಲಾಗಲ್ಲ. ಹೊಸ ಕಂಪ್ಯೂಟರ್ ಖರೀದಿಗೆ ಅನುದಾನ ಬರುತ್ತೆ, ಸಾಫ್ಟ್‌ವೇರ್ ರಿಪೇರಿಗೆ ಯಾರೂ ಕೊಡಲ್ಲ. ಅರ್ಧ ದಿನ ಕೆಲಸ ನಿಂತರೆ ಸಾಲಿನಲ್ಲಿ ನಿಂತವರು ಬೈಯೋದು ನನ್ನನ್ನು.

ಸಿಸ್ಟಮ್ ಸೀನ:
ಒಪ್ಪಿದೆ ಸರ್. ಆದರೆ ಬದಲಾಯಿಸಲು ಆಗದ ಮಷಿನ್ ಅನ್ನು ಉಳಿದ ನೆಟ್‌ವರ್ಕ್‌ನಿಂದ ಬೇರೆ ಇಡಬಹುದಲ್ವಾ? 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಡೇಟಾ ಲಾಕ್ ಆಗಿ, ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲಿ ಬರೆದರು. ನೆಟ್‌ವರ್ಕ್ ಅನ್ನು ಸರಿಯಾಗಿ ಬೇರೆ ಬೇರೆ ಭಾಗಗಳಾಗಿ ವಿಂಗಡಿಸಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಹಳೇ ಅಪ್ಲಿಕೇಶನ್ ಓಡುವ ಮಷಿನ್‌ಗೆ ಅದರ ಸರ್ವರ್ ಒಂದು ಸಿಕ್ಕರೆ ಸಾಕು, ಇಂಟರ್ನೆಟ್ ಯಾಕೆ? ಪೆನ್‌ಡ್ರೈವ್ ಅಂತೂ ಬೇಡವೇ ಬೇಡ.

ಕಡಲತೀರದವಳು:
ನೀವೆಲ್ಲ ವಿಂಡೋಸ್ ಹಿಡಿದುಕೊಂಡು ಕೂತಿದ್ದೀರಿ. 2023ರಲ್ಲಿ ನಮ್ಮ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಒಟಿಪಿ ಇಲ್ಲದೆ, ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದಲೇ ದುಡ್ಡು ತೆಗೆಯುವ ಎಇಪಿಎಸ್ ಮೂಲಕ ದುಡ್ಡು ಹೋದದ್ದು ಸುದ್ದಿಯಾಗಿತ್ತಲ್ಲ, ಆಗ ಅನುಮಾನ ಬಂದದ್ದು ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನ ಮೇಲೆ. ಅದಕ್ಕೆ ಯಾವ ವಿಂಡೋಸ್ ಇದ್ದರೇನು! ಮಲೆನಾಡಿಗ ಅವರೇ, ಮೊದಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಇತ್ಯಾದಿ) ಲಾಕ್ ಮಾಡಿ, ಬೇಕಾದಾಗ ತೆಗೆಯಬಹುದು. ಇನ್ನು ಮೇಲೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡದೆ ಮನೆಯಲ್ಲಿ ಬಳಸಬೇಡಿ.

ಕಡತವಾಸಿ:
ಮಾಸ್ಕ್ಡ್ ತಂದರೆ ನಾನೇನೋ ತಗೋತೀನಿ ಮೇಡಂ, ನಮ್ಮ ಸಾಫ್ಟ್‌ವೇರ್ ತಗೊಳ್ಳಲ್ಲ. 12 ಅಂಕಿ ಹಾಕದಿದ್ದರೆ ಮುಂದಿನ ಪುಟಕ್ಕೇ ಹೋಗಲ್ಲ ಅದು.